ನಾಲೆಯೊಳಗೆ ಕೂತ ಕ್ಲಬ್ಬು

ಹೋದ ತಿಂಗಳು ನಿಮ್ಮಲ್ಲಿ ಯಾರೋ ಹಾಸನದ ಬಸ್‌ಸ್ಟ್ಯಾಂಡಿನಿಂದ ಪನ್ನೀರ್ ಸೋಡಾ ತಂದಿದ್ದಿರಿ. ಮುಚ್ಚಳ ತೆಗೆದ ಕೂಡಲೇ ಅದರ ವಾಸನೆ ಅಡಿಗೆಮನೆಯವರೆಗೂ ಬಂತು. ಪೂರಾ ಗುಲಾಬಿಯೂ ಅಲ್ಲ, ಪೂರಾ ಸಕ್ಕರೆ ಪಾಕವೂ ಅಲ್ಲ, ಮೂಗಿನೊಳಗೆ ತಣ್ಣಗೆ ಚುರುಗುಡುವ ವಾಸನೆ. "ಅಜ್ಜಿ, ನಿಮಗೂ ಒಂದು ಗುಟುಕು?" ಎಂದು ಕೇಳಿದಿರಿ. ನಾನು ಕೈ ಚಾಚಲಿಲ್ಲ. ಸಕ್ಕರೆ ಕಾಯಿಲೆಗೆ ಹೆದರಿದಳು ಅಂದುಕೊಂಡು ನೀವೇ ಕುಡಿದಿರಿ. ಹೆದರಿಕೆಯಲ್ಲ. ಆ ಗಳಿಗೆಯಲ್ಲಿ ನಾನು ಈ ಮನೆಯಲ್ಲೇ ಇರಲಿಲ್ಲ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಒಂದು ಬಾಗಿಲ ಮುಂದೆ ಸೆರಗು ಹೊದ್ದು ನಿಂತಿದ್ದೆ...

ಅದು ಸೋಡಾ ಫ್ಯಾಕ್ಟರಿಯ ಬಾಗಿಲು. ಫ್ಯಾಕ್ಟರಿ ಅಂದರೆ ಈಗ ನೀವು ನೋಡುವಂಥದ್ದಲ್ಲ. ಒಂದು ಗ್ಯಾಸಿನ ಸಿಲಿಂಡರು, ಬಾಟಲಿ ಕೂರಿಸಿ ಕೈಯಲ್ಲಿ ಗರಗರ ತಿರುಗಿಸುವ ಒಂದು ಯಂತ್ರ, ನೀರಿನ ತೊಟ್ಟಿ, ಗೋಡೆಯುದ್ದಕ್ಕೂ ಜೋಡಿಸಿದ ಮರದ ಕ್ರೇಟುಗಳು. ಅದರ ಯಜಮಾನರನ್ನು ಊರಿನ ಗಂಡಸರು ಸೆಕ್ರೆಟರಿ ಎಂದು ಕರೆಯುತ್ತಿದ್ದರು. ಊರಿನ ಸೇವಾ ಕ್ಲಬ್ಬಿಗೆ ಅವರೇ ಸೆಕ್ರೆಟರಿ. ನಮ್ಮಂಥ ಸೊಸೆಯಂದಿರ ಬಾಯಲ್ಲಿ ಮಾತ್ರ ಅವರು ಸೋಡಾ ಮಾವ. ನೆಂಟಸ್ತಿಕೆ ಏನೂ ಇರಲಿಲ್ಲ. ಕುಳ್ಳಗೆ, ದುಂಡಗೆ ಇದ್ದರು. ಕಾಲರು ಮುಚ್ಚಿದ ಕೋಟಿನ ತೋಳಿಗೆ ಯಾವಾಗಲೂ ಸೋಡಾ ಬಣ್ಣದ ಕಲೆ. ಎಂದೋ ಬಾಟಲಿ ಸಿಡಿದು ಎಡಗೈಯ ಎರಡು ಬೆರಳಿನ ತುದಿ ಹೋಗಿತ್ತು. ಮಾತಾಡುವಾಗ ಆ ಮೊಂಡು ಬೆರಳುಗಳನ್ನೇ ಎತ್ತಿ ಎತ್ತಿ ತೋರಿಸುತ್ತಿದ್ದರು, ನಾಚಿಕೆ ಎಂಬುದೇ ಇರಲಿಲ್ಲ.

ನಾಚಿಕೆಯೆಲ್ಲ ನನ್ನ ಪಾಲಿಗೆ ಬಂದಿತ್ತು. ನಾನು ಅರಕಲಗೂಡಿನ ಕಡೆಯ ಒಂದು ಹಳ್ಳಿಯವಳು. ಒಬ್ಬರೇ ಮೇಷ್ಟ್ರಿದ್ದ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದೆ. ಮದುವೆಯಾಗಿ ಬಂದದ್ದು ಹೊಳೆನರಸೀಪುರದ ನಾಲೆಯ ಆಚೆ ದಡದ ಹಳ್ಳಿಗೆ. ನಿಮ್ಮ ತಾತ ಪೇಟೆಯ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಅದನ್ನು ನೋಡಿ ಸೋಡಾ ಮಾವ ಅವರನ್ನು ಕ್ಲಬ್ಬಿನ ವರದಿ ಬರೆಯಲು ಕರೆದುಕೊಂಡರು. ಶನಿವಾರ ಸಂಜೆ ಮೀಟಿಂಗು. ಮುಗಿಸಿ ಬಂದು ಊಟಕ್ಕೆ ಕೂತಾಗ ಅವರು ಅಲ್ಲಿ ನಡೆದದ್ದನ್ನೆಲ್ಲ ಹೇಳುತ್ತಿದ್ದರು. ನಾನು ಮುದ್ದೆ ಬಡಿಸುತ್ತಾ ಕೇಳುತ್ತಿದ್ದೆ. ಹೀಗಾಗಿ ಒಂದು ದಿನವೂ ಒಳಗೆ ಕಾಲಿಡದ ಆ ಕ್ಲಬ್ಬು ನನಗೆ ತವರುಮನೆಯಷ್ಟು ಪರಿಚಯವಾಗಿಬಿಟ್ಟಿತು.

ನಯಾಪೈಸೆ ಬಂದ ಹೊಸತು ಅದು. ಸೋಡಾ ಫ್ಯಾಕ್ಟರಿಯ ಅಟ್ಟದ ಮೇಲೆ ಚಾಪೆ ಹಾಸಿ ಕ್ಲಬ್ಬು ಸೇರುತ್ತಿತ್ತು. ಅಧ್ಯಕ್ಷರು ಊರಿನ ವಕೀಲರು. ಮಿಲ್ಲಿನ ಸಾಹುಕಾರರು, ಇನ್ನೂ ಕೆಲವರು ಅಂಗಡಿಯವರು, ಮೇಷ್ಟ್ರುಗಳು ಸದಸ್ಯರು. ಮೀಟಿಂಗು ಶುರುವಾಗಲು ಎತ್ತಿನ ಕೊರಳ ಗಂಟೆಯೊಂದನ್ನು ಅಲ್ಲಾಡಿಸುತ್ತಿದ್ದರು. ಸಿಡುಬಿನ ಚುಚ್ಚುಮದ್ದಿಗೆ ಯಾವ ಹಳ್ಳಿಯವರು ಹೆದರಿ ಓಡಿಹೋದರು, ಯಾವ ಶಾಲೆಯ ಹೆಂಚು ಹಾರಿಹೋಗಿದೆ, ಕಣ್ಣು ಕಾಣದ ಮುದುಕರನ್ನು ಹಾಸನದ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗಬೇಕು, ಇಂಥ ಮಾತು. ಆದರೆ ಎಲ್ಲಕ್ಕೂ ಮೊದಲು ದಂಡ. ಅದು ಸೋಡಾ ಮಾವ ತಂದ ಪದ್ಧತಿ. ತಡವಾಗಿ ಬಂದವರು ದುಡ್ಡು ಕೊಡುವ ಹಾಗಿಲ್ಲ. ಹಿರಿಯರಿಂದ ಕೇಳಿದ ಹಳೆಯ ಸಂಗತಿ ಒಂದನ್ನು ಹೇಳಬೇಕು. ಒಂದು ಕೆರೆ, ಒಂದು ಗುಡಿ, ಒಂದು ವೀರಗಲ್ಲು, ಯಾವುದಾದರೂ ಸರಿ. ಹೇಳಿದ ಮೇಲೆಯೇ ಕೂರಬೇಕು.

ವಕೀಲರು ಒಮ್ಮೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, "ಕೋರ್ಟು ಬಿಟ್ಟಿದ್ದೇ ಈಗ ಕಣ್ರೀ" ಅಂದರಂತೆ.

"ಕೋರ್ಟಿನ ಕತೆ ಬೇಡ ಸಾರ್. ಕಲ್ಲಿನ ಕತೆ ಹೇಳಿ, ಕೂತ್ಕೊಳಿ" ಅಂದರಂತೆ ಸೋಡಾ ಮಾವ.

ನಿಮ್ಮ ತಾತ ಅದನ್ನು ಹೇಳುವಾಗ ನಮ್ಮ ಅತ್ತೆ ಒಲೆಯ ಮುಂದೆ ಕೂತು ನಗುತ್ತಿದ್ದರು. "ಒತ್ತಿಗೆ ಸರ್ಯಾಗಿ ಬಂದೋರ್ಗೆ ಕತೆ ಇಲ್ವಂತಾ? ಅಂಗಾದ್ರೆ ನಾನೂ ಲೇಟಾಗೇ ಓಯ್ತೀನಿ" ಅನ್ನುತ್ತಿದ್ದರು. ನಿಜಕ್ಕೂ ಹಾಗೇ ಆಯಿತು. ಕತೆಯಿದ್ದವರು ಬೇಕೆಂದೇ ಕೆಳಗೆ ಸೋಡಾ ಕುಡಿಯುತ್ತಾ ನಿಂತು ತಡಮಾಡಿ ಹತ್ತುತ್ತಿದ್ದರು.

ಇನ್ನು ಸೇತುವೆಯ ಮಾತು. ನಮ್ಮ ಹಳ್ಳಿಗೂ ಪೇಟೆಗೂ ನಡುವೆ ಆ ಒಂದು ನಾಲೆ. ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಮರಳಿನ ಮೇಲೆ ನಡೆದು ಹೋಗಬಹುದು. ನೀರು ಬಿಟ್ಟರೆ ಎದೆಮಟ್ಟ, ಸೆಳೆತ ಬೇರೆ. ಗಾಡಿ ದಾರಿ ದೂರದ ಸುತ್ತು. ನಾನು ಮದುವೆಯಾಗಿ ಬಂದ ವರ್ಷವೇ ನಮ್ಮ ಓರಗಿತ್ತಿಗೆ ಹೆರಿಗೆ ನೋವು ಬಂತು. ನಾಲೆ ತುಂಬಿ ಹರಿಯುತ್ತಿತ್ತು. ಗಾಡಿ ಕಟ್ಟಿ, ಸುತ್ತು ದಾರಿ ಹಿಡಿದು, ಆಸ್ಪತ್ರೆ ಮುಟ್ಟುವಷ್ಟರಲ್ಲಿ... ತಾಯಿ ಉಳಿದಳು. ಮಗು ಉಳಿಯಲಿಲ್ಲ. ಆಸ್ಪತ್ರೆಯ ಗೋಡೆ ನಮ್ಮ ಹಿತ್ತಲಿನಿಂದ ಕಾಣುತ್ತಿತ್ತು.

ನಿಮ್ಮ ತಾತ ಆ ಶನಿವಾರ ವರದಿ ಬರೆಯಲು ಹೋಗಿ ಬರೆಯಲಾರದೆ ಕೂತರಂತೆ. ಏನಾಯಿತೆಂದು ಸೋಡಾ ಮಾವ ಕೇಳಿದರು. ಮುಂದಿನ ಬೇಸಿಗೆಗೆ ಸೇತುವೆ ಕಟ್ಟಲೆಂದು ಕ್ಲಬ್ಬಿನವರೆಲ್ಲ ಪಂಚೆ ಮೇಲೆ ಕಟ್ಟಿ ನಾಲೆಗಿಳಿದರು. ನಮ್ಮ ಹಳ್ಳಿಯವರೂ ಸೇರಿಕೊಂಡರು. ಗಾರೆ ಕೆಲಸದವರು ಎರಡು ದಡದಲ್ಲೂ ಕಟ್ಟೆ ಎಬ್ಬಿಸಿದರು, ನಡುವೆ ಒಂದು ಕಂಬ. ಮೇಲೆ ಹಾಸಲು ಉದ್ದನೆಯ ಚಪ್ಪಡಿ ಬೇಕಲ್ಲ? ನಾಲೆಯ ಪಕ್ಕದ ದಿಬ್ಬದಲ್ಲಿ ಒಂದು ಬಿದ್ದುಹೋದ ಮಂಟಪವಿತ್ತು. ಅದರ ಕಲ್ಲನ್ನು ಯಾರು ಯಾರೋ ಹೊಸ್ತಿಲಿಗೆ, ಒಗೆಯುವುದಕ್ಕೆ ಒಯ್ಯುತ್ತಲೇ ಇದ್ದರು. ಅಲ್ಲಿ ಮಣ್ಣಿನಲ್ಲಿ ಹುದುಗಿ ಬಿದ್ದಿದ್ದ ಚಪ್ಪಡಿಗಳನ್ನು ಉರುಳುವ ಮರದ ದಿಮ್ಮಿಗಳ ಮೇಲೆ ಎಳೆದು ತಂದರು. ಸೋಡಾ ಮಾವ ತಲೆಗೆ ಟವಲು ಸುತ್ತಿ, ಮೊಂಡು ಬೆರಳು ಎತ್ತಿ, "ಎಳೀರಪ್ಪಾ, ಐಸಾ!" ಎಂದು ಕೂಗುತ್ತಿದ್ದರು. ಕಲ್ಲು ಹೇಗೆ ಬಿದ್ದಿತ್ತೋ ಹಾಗೇ ಎಳೆದರು, ಹೇಗೆ ಬಂತೋ ಹಾಗೇ ಕೂರಿಸಿದರು. ಮೇಲ್ಮೈ ತರಿತರಿಯಾಗಿದೆ, ಹೆಂಗಸರ ಕಾಲು ಜಾರುವುದಿಲ್ಲ ಎಂದು ಗಾರೆಯವನು ಮೆಚ್ಚಿಕೊಂಡ. ಮಗುಚಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಬಹಳ ದಿನವಾಗಲಿಲ್ಲ. ಒಂದು ಶನಿವಾರ ಮಿಲ್ಲಿನ ಸಾಹುಕಾರರು ತಡವಾಗಿ ಬಂದು ದಂಡ ಕಟ್ಟಿದರು. ಅವರ ಅಜ್ಜಿ ಹೇಳುತ್ತಿದ್ದ ಮಾತಂತೆ. ದಿಬ್ಬದ ಮಂಟಪದಲ್ಲಿ ಒಂದು ಬರೆದ ಕಲ್ಲಿತ್ತು, ಈ ನಾಲೆ ಯಾರಿಂದ ಆಯಿತು ಎಂದು ಅದರಲ್ಲಿ ಕೆತ್ತಿತ್ತು. ಸೋಡಾ ಮಾವ ಕೂತಲ್ಲಿಂದ ಎದ್ದೇಬಿಟ್ಟರಂತೆ. ಅಷ್ಟು ದಿನ ಕೇಳಿದ್ದೆಲ್ಲ ಬೇರೆ ಊರುಗಳ ಕತೆ. ಇದು ತಾವು ದಿನಾ ನೀರು ತರುವ ನಾಲೆಯ ಕತೆ.

ಅಂದಿನಿಂದ ಅವರಿಗೆ ಅದೇ ಗೀಳು. ಮಂಟಪದ ದಿಬ್ಬವನ್ನು ಅಗೆದು ನೋಡಿದರು. ಸುತ್ತಲ ಹಳ್ಳಿಗಳ ಮನೆಮನೆಗೂ ಹೋಗಿ ಹೊಸ್ತಿಲು ನೋಡಿದರು, ಒಗೆಯುವ ಕಲ್ಲು ಮಗುಚಿ ನೋಡಿದರು. ಮಗುಚಿದ್ದನ್ನು ಅವರೇ ಮತ್ತೆ ಸರಿಯಾಗಿ ಕೂರಿಸಿ, ಮೇಲೊಂದು ಕೊಡ ನೀರು ಸುರಿದು ತೊಳೆದುಕೊಟ್ಟು ಹೋಗುತ್ತಿದ್ದರು. ಮಂಟಪದ ಕಲ್ಲು ಗಾಡಿಯಲ್ಲಿ ಚನ್ನರಾಯಪಟ್ಟಣದ ಕಡೆ ಹೋಯಿತೆಂದು ಯಾರೋ ಅಂದರೆ ಬಸ್ಸು ಹತ್ತಿ ಅಲ್ಲಿಗೆ. ಇಲ್ಲ, ಅರಕಲಗೂಡಿಗೆ ಎಂದರೆ ಅಲ್ಲಿಗೆ. ಅಂಥ ಒಂದು ಭಾನುವಾರ ಸದಸ್ಯರ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋದರು. ಬೆಳಗೊಳದ ಪಕ್ಕದ ಜಿನನಾಥಪುರದ ಬಸದಿಯನ್ನು ನಾನು ನೋಡಿದ್ದು ಆಗಲೇ. ಗೋಡೆಯ ಮೇಲಿನ ಹೆಂಗಸರ ವಿಗ್ರಹಗಳನ್ನು ತೋರಿಸಿ, "ಇವರ ಜಡೆ ನೋಡಿ ತಾಯಿ, ನಿಮ್ಮ ಕಡೆ ಹಿಂಗೇ ಹಾಕ್ತಾರಾ?" ಎಂದು ನಮ್ಮನ್ನೇ ಕೇಳಿದರು. ಗಂಡಸರೊಬ್ಬರು ನಮಗೆ ತಿಳಿದದ್ದನ್ನು ಕೇಳಿದರಲ್ಲ ಎಂದು ನಮಗೆಲ್ಲ ಹಿಗ್ಗು. ಆದರೂ ನನಗೆ ಬಾಯಿ ಬರಲಿಲ್ಲ, ತಲೆ ಆಡಿಸಿದೆ. ಅಲ್ಲಿನ ಶಾಸನವೊಂದರ ಮುಂದೆ ಕೂತು ಅಕ್ಷರದ ಮೇಲೆ ಬೆರಳಾಡಿಸುತ್ತಾ ಅವರು ಹಾಡಿನಂತೆ ಓದಿದರು. ಹಳೆಯ ಅಕ್ಷರವನ್ನು ಓದುವುದನ್ನು ಮೈಸೂರಿನ ಯಾರೋ ವಿದ್ವಾಂಸರ ಹತ್ತಿರ ಹೋಗಿ ಬಂದು, ಹೋಗಿ ಬಂದು ಕಲಿತಿದ್ದರಂತೆ.

ಹೀಗೆ ಕೆಲವು ವರ್ಷವೇ ಕಳೆಯಿತು. ಆ ಕಲ್ಲು ಸಿಗಲಿಲ್ಲ.

ಒಂದು ಬೇಸಿಗೆ. ನಾಲೆಯಲ್ಲಿ ನೀರು ನಿಲ್ಲಿಸಿದ್ದರು. ನನಗೆ ಆಗ ಮೊದಲ ಬಸಿರು, ಮಳೆಗಾಲ ಹಿಡಿಯುವಷ್ಟರಲ್ಲಿ ದಿನ ತುಂಬುವುದಿತ್ತು. ಮಟಮಟ ಮಧ್ಯಾಹ್ನ ಅತ್ತೆಯ ಮೇಕೆಯೊಂದು ನೆರಳಿಗೆಂದು ಸೇತುವೆಯ ಅಡಿ ಹೋಗಿ ಮಲಗಿ ಎದ್ದೇ ಬರಲಿಲ್ಲ. ಅತ್ತೆ ಬೈಯುತ್ತಾ ಬಗ್ಗಿ ಒಳಗೆ ಹೋದರು. ಹೋದವರು ಹೊರಗೆ ಬಾರದೆ ಅಲ್ಲಿಂದಲೇ ಕೂಗಿದರು.

"ಲೇ, ಬಾರೇ ಇಲ್ಲಿ! ನಮ್ ಸೇತ್ವೆ ಒಟ್ಟೆ ಕೆಳೀಕೆ ಯಾವನೋ ಗೀಚ್ಬುಟ್ಟವ್ನೆ ಕಣೇ."

ನಾನು ಸೊಂಟ ಹಿಡಿದುಕೊಂಡು ಇಳಿದು ಹೋಗಿ ತಲೆಯೆತ್ತಿ ನೋಡಿದೆ. ಇಷ್ಟು ವರ್ಷ ನೀರು ಹರಿದು ಹರಿದು ಕಲ್ಲಿಗೆ ಅಂಟಿದ್ದ ಮಣ್ಣೆಲ್ಲ ತೊಳೆದುಹೋಗಿತ್ತು. ಸಾಲುಸಾಲಾಗಿ ದುಂಡು ಅಕ್ಷರ. ನನಗೆ ಒಂದೂ ಓದಲು ಬರಲಿಲ್ಲ. ಆದರೆ ಅವು ಅಕ್ಷರ ಎಂಬುದು ತಿಳಿಯಿತು. ಜಿನನಾಥಪುರದಲ್ಲಿ ನೋಡಿದ್ದೆನಲ್ಲ.

ನಿಮ್ಮ ತಾತ ಮಿಲ್ಲಿನಿಂದ ಬಂದವರು ಅದನ್ನು ಕೇಳಿ, ಕಾಫಿಯನ್ನೂ ಕುಡಿಯದೆ ಪೇಟೆಗೆ ಓಡಿದರು. ಸೋಡಾ ಮಾವ ಚಪ್ಪಲಿಯನ್ನೂ ಮೆಟ್ಟದೆ ಬಂದರು. ಸೇತುವೆಯ ಅಡಿ ನುಗ್ಗಿ ಕಲ್ಲನ್ನು ಒಮ್ಮೆ ಸವರಿದರು. ಆಮೇಲೆ ಮರಳಿನ ಮೇಲೆ ಕುಕ್ಕರಿಸಿ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನಾನೇ ಎಳೆಸಿದ್ದು ಕಣಕ್ಕಾ! ನಾನೇ ನಿಂತ್ಕೊಂಡು ಐಸಾ ಅಂತ ಎಳೆಸಿದ್ದು! ಇದರ ಮೇಲೇ ನಡ್ಕೊಂಡು ಇದನ್ನ ಹುಡುಕಕ್ಕೆ ಹೋಗಿದ್ದೀನಲ್ಲಾ!"

ಅತ್ತೆ ಬಿಟ್ಟಾರೆಯೇ? "ನಾಕು ತಾಲ್ಲೂಕು ಸುತ್ತುದ್ಯಲ್ಲಾ ಸೋಡದಣ್ಣ, ಕೊನೀಗೆ ನನ್ ಮೇಕೆ ಉಡುಕ್ಕೊಡ್ತು ನೋಡು. ಅದುನ್ನೂ ಸೇರುಸ್ಕೊ ನಿನ್ ಕ್ಲಬ್ಬಿಗೆ."

ನಗು ಆ ದಿನದ ಮಟ್ಟಿಗೆ. ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಭಯ ಹತ್ತಿತು. ವಕೀಲರು ಆ ಕಲ್ಲನ್ನು ಎತ್ತಿಸಬೇಕು ಅಂದರು. ಅವರು ಕೆಟ್ಟವರೇನಲ್ಲ, ಊರಿನ ಮೇಲೆ ಅಭಿಮಾನವಿದ್ದವರು. ತಾಲ್ಲೂಕು ಕಚೇರಿಯ ಮುಂದೆ ಕಲ್ಲನ್ನು ನಿಲ್ಲಿಸೋಣ, ಹಾಸನದಿಂದ ಡಿ.ಸಿ. ಸಾಹೇಬರನ್ನೂ ಮೈಸೂರಿನಿಂದ ವಿದ್ವಾಂಸರನ್ನೂ ಕರೆಸೋಣ ಎಂದು ಮಾತಾಡಿಯೂ ಬಂದಿದ್ದರು. ಸೇತುವೆಯನ್ನು ಮುಂದಿನ ಬೇಸಿಗೆಗೆ ಮತ್ತೆ ಕಟ್ಟಿದರಾಯಿತು ಎಂಬುದು ಅವರ ಲೆಕ್ಕ. ಆದರೆ ಗಾರೆ ಹಾಕಿ ಬಿಗಿದ ಚಪ್ಪಡಿ ಅದು. ಅದನ್ನು ಎತ್ತಬೇಕಾದರೆ ಕಟ್ಟೆಯನ್ನೇ ಒಡೆಯಬೇಕು. ನೀರು ಬಿಡುವ ದಿನ ಹತ್ತಿರವಾಗಿತ್ತು. ಅಂದರೆ ಆ ಮಳೆಗಾಲ ನಮಗೆ ಸೇತುವೆ ಇಲ್ಲ. ನನಗೆ ದಿನ ತುಂಬುವುದು ಅದೇ ಮಳೆಗಾಲದಲ್ಲಿ. ಓರಗಿತ್ತಿ ನನ್ನ ಮುಖ ನೋಡಲಾರದೆ ನೀರು ಸೇದುವ ನೆಪದಲ್ಲಿ ಬಾವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ನಿಮ್ಮ ತಾತ ವರದಿ ಬರೆಯುವವರು, ಮೀಟಿಂಗಿನಲ್ಲಿ ಅವರಿಗೆ ಮಾತಾಡುವ ಹಕ್ಕಿರಲಿಲ್ಲ.

ಕಲ್ಲಿನ ವಿಚಾರವನ್ನು ಕಲ್ಲಿನ ಮುಂದೆಯೇ ಮಾತಾಡೋಣ ಎಂದು ಸೋಡಾ ಮಾವ ಹೇಳಿದರು. ಹಾಗಾಗಿ ಆ ಶನಿವಾರ ಕ್ಲಬ್ಬು ಕೂತದ್ದು ಒಣಗಿದ ನಾಲೆಯೊಳಗೆ. ಮರಳಿನ ಮೇಲೆ ಜಮಖಾನ ಹಾಸಿದರು. ವಕೀಲರಿಗೆ ಒಂದು ಕುರ್ಚಿ ಇಳಿಸಿದರು, ಅದರ ಕಾಲು ಒಂದು ಕಡೆ ಹೂತುಕೊಂಡು ಅವರು ವಾಲಿಕೊಂಡೇ ಕೂತಿದ್ದರು. ಗಂಟೆ ಅಲ್ಲಾಡಿಸಿದಾಗ ಯಾರದೋ ಎತ್ತು ಬಂತೆಂದು ದಡದ ಮೇಲಿದ್ದ ಮುದುಕನೊಬ್ಬ ತಿರುಗಿ ನೋಡಿದ. ನಮ್ಮ ಹಳ್ಳಿಯ ಹೆಂಗಸರೆಲ್ಲ ದಡದಲ್ಲಿ ಸಾಲಾಗಿ ನಿಂತಿದ್ದೆವು. ಕ್ಲಬ್ಬಿನ ಮೀಟಿಂಗನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ವಕೀಲರು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. "ನಮ್ಮೂರಿನ ಹೆಸರು ಇತಿಹಾಸದ ಪುಸ್ತಕಕ್ಕೆ ಸೇರೋ ಕಾಲ ಬಂದಿದೆ. ಈ ಅವಕಾಶ ಮತ್ತೆ ಬರೋಲ್ಲ" ಅಂದರು. ಬಹಳ ಜನ ತಲೆದೂಗಿದರು. ಸೋಡಾ ಮಾವ ಸುಮ್ಮನೆ ಕಲ್ಲನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಹಸಿದವನು ಎಲೆಯ ಮುಂದೆ ಕೂತಂಥ ಆಸೆ. ಇಷ್ಟು ವರ್ಷ ಇದಕ್ಕಾಗಿಯೇ ಅಲೆದವರು, ಇವರೇ ಎತ್ತಿ ಅನ್ನುತ್ತಾರೆ ಅಂದುಕೊಂಡೆ.

ಅವರು ಎದ್ದು, "ದಿನಾ ದಾಟೋರು ಇಲ್ಲೇ ನಿಂತವ್ರೆ. ಅವರನ್ನೂ ಕೇಳೋಣ ಸಾರ್" ಅಂದರು. ಸಾಲಿನ ಮೇಲೆ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದರು. "ನೀನು ಹೇಳು ತಾಯಿ."

ಅಷ್ಟು ಗಂಡಸರು ಒಟ್ಟಿಗೆ ನನ್ನ ಕಡೆ ತಿರುಗಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದೆ. ಪಕ್ಕದಲ್ಲಿದ್ದ ಅತ್ತೆ ಸೊಂಟಕ್ಕೆ ಕೈಯಿಟ್ಟುಕೊಂಡು ಮುಂದೆ ಬಂದರು.

"ಅವ್ಳೇನ್ ಏಳಾಳು? ಅವ್ಳ್ ಒಟ್ಟೆ ಏಳ್ತಾ ಇಲ್ವಾ? ಓದ್ಕಳ್ರಪ್ಪಾ ಸ್ವಾಮಿ, ಯಾರ್ ಬ್ಯಾಡ ಅಂದ್ರು? ಓದಕ್ಕೆ ಕಲ್ ಯಾಕ್ ಕೀಳ್ಬೇಕು? ಅಡೀಲಿ ಮನಿಕ್ಕಂಡು ಓದಿ!"

ಎಲ್ಲರೂ ಗೊಳ್ಳೆಂದರು. ಸೋಡಾ ಮಾವ ನಗಲಿಲ್ಲ. ಒಮ್ಮೆ ಓರಗಿತ್ತಿಯ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಆಮೇಲೆ ವಕೀಲರ ಕಡೆ ತಿರುಗಿ ಹೇಳಿದರು: "ಇದನ್ನ ಎತ್ತಬೇಕು ಅಂತ ನಿಮಗೆಲ್ಲರಿಗಿಂತ ಹೆಚ್ಚು ಆಸೆ ನನಗೆ ಸಾರ್. ಆದ್ರೆ ಇನ್ನೊಂದು ಸೇತುವೆ ಆಗೋವರೆಗೂ ಇದು ಅಲ್ಲಾಡೋದು ಬೇಡ. ಕ್ಲಬ್ಬು ಎತ್ತಲೇಬೇಕು ಅಂದ್ರೆ ನನ್ನ ಸೆಕ್ರೆಟರಿ ಕೆಲಸ ಬೇರೆ ಯಾರಿಗಾದ್ರೂ ಕೊಡಿ."

"ಹಾಗಾದ್ರೆ ಡಿ.ಸಿ. ಸಾಹೇಬ್ರಿಗೆ ಏನು ತೋರಿಸ್ತೀರಿ?" ವಕೀಲರ ದನಿ ಏರಿತ್ತು.

"ಸೇತುವೆನೇ ತೋರ್ಸೋಣ ಸಾರ್."

ಮೊದಲು ಮಿಲ್ಲಿನ ಸಾಹುಕಾರರು ಸೆಕ್ರೆಟರಿಯ ಪರ ಕೈಯೆತ್ತಿದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು, ಹೀಗೆ ಬಹಳ ಜನ. ವಕೀಲರು ವಾಲಿದ ಕುರ್ಚಿಯಿಂದ ಏಳಲಾರದೆ ಎದ್ದು, ಮರಳು ಕೊಡವಿಕೊಂಡು, "ಆಯ್ತು ಕಣ್ರೀ, ಮಲಗಿಕೊಂಡೇ ಓದಿ" ಅಂದರು. ನಾನು ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಯಾರಿಗೂ ಕಾಣದ ಹಾಗೆ.

ಸೋಡಾ ಮಾವ ಮಲಗಿಕೊಂಡೇ ಓದಿದರು. ಫ್ಯಾಕ್ಟರಿಯ ಕ್ರೇಟುಗಳನ್ನು ತಂದು ಸೇತುವೆಯಡಿ ಒಂದರ ಮೇಲೊಂದು ಜೋಡಿಸಿ, ಮೇಲೆ ಹಲಗೆ ಹಾಕಿ, ಅಂಗಾತ ಮಲಗಿದರು. ಮೊದಲು ಒದ್ದೆ ಕಾಗದ ಒತ್ತಿ ಮಸಿ ಹಚ್ಚಿ ಅಚ್ಚು ತೆಗೆಯಲು ನೋಡಿದರು. ಕಾಗದ ನಿಲ್ಲಬೇಕಲ್ಲ? ಮಸಿಯ ಸಮೇತ ಅವರ ಮುಖದ ಮೇಲೆಯೇ ಬಿತ್ತು. ಅತ್ತೆ ಅವರನ್ನು ನೋಡಿ, "ಸೋಡದಣ್ಣ, ನಿನ್ ಮಕದ ಮೇಲೆ ಮೂಡದೆ ನೋಡು ಸಾಸ್ನ" ಅಂದರು. ಆಮೇಲೆ ಅಕ್ಕಿಹಿಟ್ಟು ಕೇಳಿದರು. ನಾನು ನುಣ್ಣಗೆ ಬೀಸಿ ಕೊಟ್ಟೆ. ಒದ್ದೆ ಹಿಟ್ಟನ್ನು ಅಕ್ಷರದೊಳಗೆ ತುಂಬಿ, ಬಟ್ಟೆಯಿಂದ ಮೇಲ್ಮೈ ಒರೆಸಿದರೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅವರು ಒಂದೊಂದೇ ಅಕ್ಷರ ಕೂಗುವುದು, ನಿಮ್ಮ ತಾತ ಮರಳಿನಲ್ಲಿ ಕೂತು ಬರೆಯುವುದು. ನಾನು ದಡದ ಮೇಲೆ ಬಟ್ಟೆ ಒಣಹಾಕುವ ನೆಪದಲ್ಲಿ ಕೇಳುತ್ತಿದ್ದೆ. ಅರಸರ ಕಲ್ಲು ಅಂದರೆ ನನಗೆ ತಿಳಿಯದ ಮಾತೇ ಇರುತ್ತದೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಸೇತುವೆಯಡಿಯಿಂದ "ಗದ್ದೆ" ಎಂಬ ಮಾತು ಬಂತು. ಆಮೇಲೆ "ಕೊಳಗ". ಆಮೇಲೆ "ತೂಬು". ಎಲ್ಲ ನಮ್ಮ ಮನೆಯ ಮಾತು! ನಾಲೆಯ ತೂಬು ಕಾಯುವವನಿಗೆ ಇಷ್ಟು ಕೊಳಗ ಗದ್ದೆ ಬಿಟ್ಟಿದೆ ಎಂದು ಅದರಲ್ಲಿ ಇತ್ತು. ಇದನ್ನು ತಪ್ಪಿಸಿದವರಿಗೆ ಗೋವು ಕೊಂದ ಪಾಪ ಎಂದೂ ಇತ್ತು.

ಆದರೆ ಬಿಟ್ಟವರು ಯಾರು? ಯಾವ ಕಾಲದಲ್ಲಿ? ಅದು ಶಾಸನದ ತಲೆಯ ಕಡೆ ಇರುತ್ತದಂತೆ. ಆ ತಲೆಯ ಭಾಗ ದಡದ ಕಟ್ಟೆಯೊಳಗೆ ಹುದುಗಿತ್ತು. ಸೋಡಾ ಮಾವ ಕಲ್ಲಿಗೂ ಕಟ್ಟೆಗೂ ನಡುವಿನ ಸಂದಿಯಲ್ಲಿ ಗಾರೆ ಉದುರಿದ್ದ ಕಡೆ ಮೊಂಡು ಬೆರಳು ತೂರಿಸಿ, ಕಣ್ಣು ಮುಚ್ಚಿಕೊಂಡು ತಡಕಿದರು. "ಇದೆ ಕಣಯ್ಯಾ, ಅಕ್ಷರ ಇದೆ. ಬೆರಳಿಗೆ ಸಿಗ್ತಾ ಇದೆ. ಏನು ಅಂತ ತಿಳೀತಾ ಇಲ್ಲ" ಅಂದರು. ಆ ದನಿ ನನಗೆ ಇನ್ನೂ ಕೇಳಿಸುತ್ತದೆ...

ನೀರುಗಂಟಿ ದಡದ ಮೇಲೆ ಬಂದು ನಿಂತ. ನಾಲೆಗೆ ನೀರು ಬಿಡುವವನು ಅವನೇ.

"ಇನ್ನೊಂದೆರಡು ದಿನ ತಡೆಯಯ್ಯಾ" ಅಂದರು ಸೋಡಾ ಮಾವ.

"ಭತ್ತದ ಸಸಿ ಒಟ್ಲಿಗೆ ನೀರು ಕೇಳ್ತಾವ್ರೆ ಸಾ. ಆ ಕಲ್ಲು ತಡೀತದೆ, ಒಟ್ಲು ತಡೆಯಾಕಿಲ್ಲ."

ಸೋಡಾ ಮಾವ ಹಲಗೆಯ ಮೇಲಿಂದ ಕೆಳಗಿಳಿದರು. "ನಿಜ ಕಣಯ್ಯಾ. ಬಿಡು" ಅಂದರು. ಅವನು ಬಿಟ್ಟೂಬಿಟ್ಟ. ಕ್ರೇಟುಗಳನ್ನು ಎತ್ತಿಡುವಷ್ಟರಲ್ಲಿ ನೀರು ಬಂದೇಬಿಟ್ಟಿತು. ಒಂದೆರಡು ಕ್ರೇಟು ತೇಲಿಕೊಂಡು ಹೊರಟವು. ಸಾಹುಕಾರರು, ಮೇಷ್ಟ್ರುಗಳೆಲ್ಲ ಪಂಚೆ ಎತ್ತಿಕೊಂಡು ದಡದುದ್ದಕ್ಕೂ ಅವುಗಳ ಹಿಂದೆ ಓಡಿದರು. ಸೋಡಾ ಮಾವ ಮಾತ್ರ ಸೇತುವೆಯ ಮೇಲೆ ನಿಂತು, ನೀರು ಕಲ್ಲಿನ ಅಡಿ ಏರುವುದನ್ನು ನೋಡುತ್ತಿದ್ದರು.

ಆಷಾಢದ ಒಂದು ಮಧ್ಯಾಹ್ನ ನನಗೆ ನೋವು ಬಂತು. ಮೋಡ ಕವಿದಿತ್ತು, ನಾಲೆ ಅಂಚು ತುಂಬಿ ಹರಿಯುತ್ತಿತ್ತು. ಹಗ್ಗದ ಮಂಚದ ಮೇಲೆ ಮಲಗಿಸಿ ನಿಮ್ಮ ತಾತ, ಭಾವ, ಅಕ್ಕಪಕ್ಕದವರು ಹೊತ್ತುಕೊಂಡು ಹೊರಟರು. ಸೇತುವೆಯ ಮೇಲೆ ಬಂದಾಗ ಕೆಳಗೆ ನೀರಿನ ಭೋರ್ಗರೆತ ಕೇಳಿಸಿತು. ಓರಗಿತ್ತಿ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲೇ ನಡೆಯುತ್ತಿದ್ದಳು. ಆಚೆ ದಡದ ಮೇಲೆ ಕಾಲಿಟ್ಟ ಮೇಲೆಯೇ ಅವಳು ಗಟ್ಟಿಯಾಗಿ ಅತ್ತದ್ದು. ಮಗು ಅಡ್ಡ ತಿರುಗಿತ್ತಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇಲ್ಲ ಎಂದು ದಾದಿ ಹೇಳಿದರು. ಹುಟ್ಟಿದ್ದು ನಿಮ್ಮ ದೊಡ್ಡಪ್ಪ.

ಸೋಡಾ ಮಾವ ನೋಡಲು ಬಂದರು. ಕೈಯಲ್ಲಿ ಪನ್ನೀರ್ ಸೋಡಾ. "ಬಾಣ್ತಿಗೆ ಸೋಡಾ ತಂದವ್ನಲ್ಲಪ್ಪಾ ಈ ಮಾರಾಯ!" ಎಂದು ಅತ್ತೆ ತಲೆ ಚಚ್ಚಿಕೊಂಡರು. ಅವರು ಗಾಬರಿಯಾಗಿ ಬಾಟಲಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡರು. ನನ್ನನ್ನು ಕೇಳಿದ್ದು ಒಂದೇ ಮಾತು. "ಸೇತುವೆ ಮೇಲೆ ಹೊತ್ತೋರ ಕಾಲು ಜಾರಲಿಲ್ಲ ತಾನೆ ತಾಯಿ?" ನಾನು ಇಲ್ಲವೆಂದು ತಲೆ ಆಡಿಸಿದೆ.

ಓದಿದಷ್ಟನ್ನು ಅವರು ಮೈಸೂರಿಗೆ ಕಳಿಸಿದ್ದರು. ಉತ್ತರ ಬಂತು. ಕಾಲವೂ ಅರಸರ ಹೆಸರೂ ಇಲ್ಲದ ಶಾಸನವನ್ನು ಅಚ್ಚು ಹಾಕಿಸುವುದು ಕಷ್ಟ, ಪೂರ್ತಿ ಪಾಠ ಸಿಕ್ಕಾಗ ತಿಳಿಸಿ ಎಂದು. ಡಿ.ಸಿ. ಸಾಹೇಬರು ಬರಲಿಲ್ಲ. ಪೇಟೆಯಲ್ಲಿ ಕೆಲವರು 'ತಲೆಯಿಲ್ಲದ ಶಾಸನದ ಸೆಕ್ರೆಟರಿ' ಎಂದು ನಗೆಯಾಡಿದರು. ಅವರೂ ಜೊತೆಗೆ ನಕ್ಕರು. ಮುಂದಿನ ಬೇಸಿಗೆಗೆ ಇನ್ನೊಂದು ಸೇತುವೆ ಕಟ್ಟಿ ಇದನ್ನು ಎತ್ತೋಣ ಎಂದು ಅವರಿಗೆ ಆಸೆಯೇನೋ ಇತ್ತು. ಆದರೆ ಆ ಬೇಸಿಗೆ ಆಸ್ಪತ್ರೆಯ ಹೆರಿಗೆ ಕೋಣೆಗೆ ಮಾಡು ಹಾಕಿಸಬೇಕಾಯಿತು. ಅದರ ಮುಂದಿನ ಬೇಸಿಗೆ ಒಂದು ಹಳ್ಳಿಯಲ್ಲಿ ಸಿಡುಬು. ಮತ್ತೊಂದು ಬೇಸಿಗೆ ಬಾವಿ ಬತ್ತಿದ ಕೇರಿಗೆ ಹೊಸ ಬಾವಿ. ಪ್ರತಿ ಸಲವೂ ಶಾಸನಕ್ಕಿಂತ ಮುಂದೆ ಇನ್ನೊಂದು ಕೆಲಸ ಬಂದು ನಿಲ್ಲುತ್ತಿತ್ತು, ಪ್ರತಿ ಸಲವೂ ಅದನ್ನು ಮುಂದೆ ಬಿಟ್ಟವರು ಅವರೇ. ನೀರು ನಿಂತ ದಿನಗಳಲ್ಲಿ ಮಾತ್ರ ಒಬ್ಬರೇ ಬಂದು, ಬಗ್ಗಿ, ಒಮ್ಮೆ ಕಲ್ಲು ಸವರಿ ಹೋಗುತ್ತಿದ್ದರು.

ಅರವತ್ತರ ದಶಕದ ನಡುವೆ ಅವರಿಗೆ ಎದೆಯ ಕಾಯಿಲೆ ಬಂತು. ನಾನು ತಂಗಿಯ ಮದುವೆಗೆಂದು ಅರಕಲಗೂಡಿಗೆ ಹೋಗಿದ್ದಾಗ ತೀರಿಕೊಂಡರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕ್ಲಬ್ಬು ಇನ್ನೂ ಕೆಲವು ಕಾಲ ನಡೆಯಿತು. ಎಲ್ಲರೂ ಹೊತ್ತಿಗೆ ಸರಿಯಾಗಿ ಬರಲು ಶುರುಮಾಡಿದರು ಎಂದು ನಿಮ್ಮ ತಾತ ಒಂದು ದಿನ ಹೇಳಿ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಅದಕ್ಕಿಂತ ದುಃಖದ ಮಾತು ಅವರ ಬಾಯಿಂದ ನಾನು ಕೇಳಿದ್ದು ಕಡಿಮೆ.

ಈಗ ಅವರೂ ಇಲ್ಲ. ಅತ್ತೆ, ಓರಗಿತ್ತಿ ಯಾರೂ ಇಲ್ಲ. ಕೆಲವು ವರ್ಷದ ಹಿಂದೆ ನಾಲೆಗೆ ಕಾಂಕ್ರೀಟ್ ಸೇತುವೆ ಬಂತು. ಕೆಲಸ ಶುರುವಾದದ್ದು ನನಗೆ ತಿಳಿದದ್ದೇ ತಡವಾಗಿ. ನಿಮ್ಮ ದೊಡ್ಡಪ್ಪನ ಕೈ ಹಿಡಿದುಕೊಂಡು ಹೋಗುವಷ್ಟರಲ್ಲಿ ಹಳೆಯದು ಇರಲಿಲ್ಲ. ಮಿಷಿನ್ನಿನ ಮೇಲೆ ಕೂತವನನ್ನು ನಾನೇ ಕೇಳಿದೆ. ಅಪರಿಚಿತ ಗಂಡಸೊಬ್ಬನನ್ನು ನಾನಾಗಿ ಮಾತಾಡಿಸಿದ್ದು ಅದೇ ಮೊದಲಿರಬೇಕು.

"ಹಳೇ ಚಪ್ಪಡಿನಾ ಅಜ್ಜಿ? ಒಡೆದು ಪಾಯಕ್ಕೆ ಹಾಕ್ಬುಟ್ವಲ್ಲ."

"ಅದರಲ್ಲಿ ಅಕ್ಷರ ಇತ್ತಪ್ಪಾ" ಅಂದೆ.

"ಮಣ್ಣಿತ್ತು. ನೋಡ್ನಿಲ್ಲ ಕಣಜ್ಜಿ" ಅಂದ. ಪಾಪ, ಅವನ ತಪ್ಪೇನು? ಸೋಡಾ ಮಾವ ಕೂಡ ಒಂದು ಕಾಲದಲ್ಲಿ ಮಗುಚಿ ನೋಡಿರಲಿಲ್ಲ.

ಆ ನಾಲೆಯ ತೂಬಿಗೆ ಗದ್ದೆ ಬಿಟ್ಟವರು ಯಾರು ಎಂಬುದನ್ನು ಇನ್ನು ಯಾರೂ ಓದುವ ಹಾಗಿಲ್ಲ. ಅದನ್ನು ಓದಬಹುದಾಗಿದ್ದ ಒಬ್ಬರು ನನಗೋಸ್ಕರ, ನನ್ನಂಥವರಿಗೋಸ್ಕರ ಓದದೆ ಬಿಟ್ಟರು. ಅದು ಈಗ ನಿಮಗಾದರೂ ತಿಳಿದಿರಲಿ ಎಂದು ಇಷ್ಟು ಬರೆದೆ. ಮೊನ್ನೆ ಆಟೋದಲ್ಲಿ ಆ ಸೇತುವೆ ದಾಟಿದೆ. ಕೆಳಗೆ ನೀರಿತ್ತು. ಕೈ ಮುಗಿಯೋಣವೆಂದು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಆಚೆ ದಡ ಬಂದಿತ್ತು...